ಚಳಿ ದೇಶದ ಪಟ್ಟಿ, ಮುಂಡರಗಿಯ ಬಿಸಿಲು

ಆರು ವರ್ಷದ ಹಿಂದೆ ನನಗೆ ಜಾಣತನ ಸ್ವಲ್ಪ ಹೆಚ್ಚೇ ಇತ್ತು. ಮುಂಡರಗಿ ಕಡೆಯ ಒಂದು ಹಳ್ಳಿ ಶಾಲೆಗೆ ವಿಜ್ಞಾನ ಕಲಿಸಲು ಹೊಸದಾಗಿ ಹೋಗಿದ್ದೆ. ಅಂಗಳದಲ್ಲಿ ನೆರಳೆಂಬುದು ಹೆಸರಿಗೂ ಇರಲಿಲ್ಲ. ಮಕ್ಕಳು ಉರಿಬಿಸಿಲಲ್ಲಿ ಕೂತು ಮಧ್ಯಾಹ್ನದ ಊಟ ಮಾಡುತ್ತಿದ್ದರು. ನೆರಳಿಗೆಂದು ನೆಡುವ ಗಿಡ ಆರಿಸುವ ಕೆಲಸವನ್ನು ಹೆಡ್‌ಮಾಸ್ತರರು ನನಗೆ ಹಚ್ಚಿದರು.

ಕೇಳಬೇಕೇ! ಮೊಬೈಲು ಹಿಡಿದು ಕೂತೆ. ಎಲ್ಲೋ ಹಿಮ ಬೀಳುವ ದೇಶದ ಶಾಲೆಗಳಿಗೆಂದು ಬರೆದ ಪಟ್ಟಿ ಸಿಕ್ಕಿತು. ಎಲೆ ಉದುರುವ ಮರ ನೆಡಿ, ಚಳಿಗಾಲದಲ್ಲಿ ಕೋಣೆಗೆ ಬಿಸಿಲು ಬರುತ್ತದೆ. ಗಾಳಿ ಬರುವ ದಿಕ್ಕಿಗೆ ದಟ್ಟ ಪೊದೆ ಬೆಳೆಸಿ, ಶೀತ ತಡೆಯುತ್ತದೆ. ಭಲೇ ಎನಿಸಿತು. ಅವರ ಮರ ನಮ್ಮಲ್ಲಿ ಬದುಕುವುದಿಲ್ಲ ಎಂಬಷ್ಟು ಬುದ್ಧಿ ಇತ್ತು. ಅದಕ್ಕೇ ಇಲ್ಲಿ ಸಿಗುವ, ಎಲೆ ಉದುರಿಸುವ ಗುಲ್‌ಮೊಹರ್ ಆರಿಸಿದೆ. ಪಡುವಣ ದಿಕ್ಕಿಗೆ ಮೆಹಂದಿ ಬೇಲಿ.

ಬಿಸಿಯೂಟದ ಅಡುಗೆ ಮಾಡುವ ಅಜ್ಜಿ ಒಂದು ಬೇವಿನ ಸಸಿ ತಂದಳು.

"ಅಕ್ಕಾರ, ಇದನ್ನ ಹಚ್ರಿ. ಹುಡುಗ್ರು ತಣ್ಣಗ ಕುಂತು ಉಣ್ಲಿ."

"ಬೇವು ಪಟ್ಟಿಯೊಳಗ ಇಲ್ಲ ಬೇ ಯವ್ವಾ."

"ಪಟ್ಟಿ ಬರ್ದಾಂವ ನಮ್ಮೂರಾಗ ಒಂದ್ ಬ್ಯಾಸಗಿ ಕಳ್ದಾನೇನ್ರಿ?"

ನಾನು ನಕ್ಕುಬಿಟ್ಟೆ. ಆಕೆ ಸಸಿಯನ್ನು ವಾಪಸ್ ಒಯ್ದು, ಶಾಲೆಯ ಗೇಟಿನ ಎದುರಿಗಿರುವ ತನ್ನ ಮನೆ ಮುಂದೆ ಹಚ್ಚಿದಳು.

ಗುಲ್‌ಮೊಹರ್ ಏನೋ ಬೆಳೆದವು. ಪಟ್ಟಿಯಲ್ಲಿದ್ದಂತೆ ಎಲೆಯನ್ನೂ ಉದುರಿಸಿದವು. ಯಾವಾಗ? ಶಿವರಾತ್ರಿ ಮುಗಿದು ನೆತ್ತಿ ಸುಡಲು ಶುರುವಾದ ಮೇಲೆ! ದೀಪಾವಳಿಯ ತಂಪಿನಲ್ಲಿ ಹಸಿರು ಕೊಡೆ, ಬೇಸಿಗೆಯಲ್ಲಿ ಬರೀ ಕಟ್ಟಿಗೆ. ಬರುವ ಅಷ್ಟಿಷ್ಟು ಗಾಳಿಗೂ ನನ್ನ ಬೇಲಿ ಅಡ್ಡ ನಿಂತಿತು. ಮಕ್ಕಳು ಮೊದಲಿನಂತೆಯೇ ಬಿಸಿಲಲ್ಲಿ ಕೂತು ಉಂಡರು. ವಿಜ್ಞಾನ ಕಲಿಸುವವಳಿಗೆ ನಾಚಿಕೆಯಾಗಬೇಕು, ಆಯಿತು ಕೂಡ. ಆದರೆ ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ.

ಈ ಸಲ ಯುಗಾದಿ ಆದ ವಾರ ಊಟದ ಗಂಟೆ ಹೊಡೆದದ್ದೇ ತಡ, ಮಕ್ಕಳು ತಾಟು ಹಿಡಿದು ಗೇಟು ದಾಟಿ ಓಡಿದರು. "ಲೇ, ಎಲ್ಲಿಗೆ ಹೊಂಟೀರಿ?" ಎಂದು ಬೆನ್ನು ಹತ್ತಿದೆ. ಎದುರಿಗೆ ಅಜ್ಜಿಯ ಬೇವು ಹೊಸ ಎಲೆ ತುಂಬಿಕೊಂಡು ನಿಂತಿತ್ತು. ಅದರ ಬುಡದಲ್ಲಿ ಮಕ್ಕಳು ಒತ್ತೊತ್ತಾಗಿ ಕೂತಿದ್ದರು. ಅಜ್ಜಿ ಅನ್ನದ ಪಾತ್ರೆಯನ್ನೂ ಅಲ್ಲಿಗೇ ತರಿಸಿಕೊಂಡಿದ್ದಳು. ನಾನು ನೆರಳಿನ ಅಂಚಿನಲ್ಲೇ ನಿಂತೆ. ಅಜ್ಜಿ ಈಗ ಪಟ್ಟಿಯ ಮಾತು ತೆಗೆಯುತ್ತಾಳೆ, ನನ್ನ ಮಾನ ಹೋಯಿತು ಎಂದುಕೊಂಡೆ.

ಆಕೆ ಸೌಟು ಎತ್ತಿ ಮಕ್ಕಳನ್ನು ಗದರಿದಳು.

"ಏ, ಅತ್ಲಾಗ ಸರೀರಿ. ಅಕ್ಕಾರು ಬಿಸಿಲಾಗ ನಿಂತಾರ."