ಗಿರಣಿ ಸಾಹುಕಾರರ ಹಾಡುಗಾತಿ

ಮಧ್ಯಾಹ್ನ ಕಂಪ್ಲಿಯ ಅಕ್ಕಿ ಗಿರಣಿ ನಿಂತಿತ್ತು. ಸಾಹುಕಾರ ಕೊಟ್ರಯ್ಯನವರ ಕೋಣೆಯೊಳಗೆ ಹೆಂಗಸೊಬ್ಬಳು ಮೆಲ್ಲಗೆ ಹಾಡುವುದು ಗುಮಾಸ್ತ ಗಾದಿಲಿಂಗಪ್ಪನಿಗೆ ಕೇಳಿಸಿತು. ಸಂಬಳ ಕಮ್ಮಿ, ಜಾಣತನ ಜಾಸ್ತಿ. ಎರಡು ಕಪ್ ಚಹಾ ಹಿಡಿದು ಒಳಗೆ ಹೋದ.

ಹೆಂಗಸಿರಲಿಲ್ಲ. ಸಂಡೂರಿನ ಗಣಿಯ ವಿದೇಶಿ ಎಂಜಿನಿಯರ್ ಊರಿಗೆ ಮರಳುವಾಗ ಕೊಟ್ಟುಹೋದ ಜಾಝ್ ಹಾಡಿನ ರೆಕಾರ್ಡು ಗ್ರಾಮಫೋನಿನ ಮೇಲೆ ತಿರುಗುತ್ತಿತ್ತು.

"ಇನ್ನೊಂದು ಯಾರಿಗ್ಲೇ?"

"ಅಮ್ಮಾರಿಗ್ರಿ..." ಗಾದಿಲಿಂಗಪ್ಪ ರೆಕಾರ್ಡಿನತ್ತ ಕೈ ತೋರಿಸಿದ.

ಕೊಟ್ರಯ್ಯ ನಕ್ಕು ಎರಡನ್ನೂ ತಾವೇ ಕುಡಿದರು. ಗಿರಣಿಯ ಸದ್ದಿಗೆ ಅವರ ಒಂದು ಕಿವಿ ಆಗಲೇ ಹೋಗಿತ್ತು. ಇನ್ನೊಂದನ್ನು ಹಾಡಿನ ಪೆಟ್ಟಿಗೆಗೆ ಆನಿಸಿಕೊಂಡೇ ಕೂತಿದ್ದರು.

ಗಾದಿಲಿಂಗಪ್ಪನಿಗೆ ಬಾಯಿ ತಡೆಯಲಿಲ್ಲ. "ಸಾವ್ಕಾರ್ರ, ಇಂಗ್ಲಿಷ್ ಹಾಡು ನಿಮಗ ತಿಳೀತದೇನ್ರಿ?"

"ಒಂದಕ್ಷರಾನೂ ಇಲ್ಲ. ಹಾಡೋಕ್ಕಿಂತ ಮುಂಚೆ ಆಕಿ ಉಸಿರು ಎಳಕಂತಾಳಲ್ಲ, ಅದು ಕೇಳಿಸ್ತಿರೋತನಕ ನಾ ಕಿವುಡ ಅಲ್ಲ."