ವರ್ನಿಯರ್ ಅಣ್ಣನ ಹೊಟ್ಟೆಕಿಚ್ಚು

ಆ ಬೀದಿಯಲ್ಲಿ ಉಕ್ಕನ್ನು ತಿರುವಿ ಸವೆಸುವ ಒಂಬತ್ತು ಲೇತ್ ಮೆಷಿನ್‌ಗಳಿದ್ದವು. ಆದರೆ ಅಳತೆಯ ತಕರಾರು ಬಂದರೆ ಎಲ್ಲರೂ ಹೋಗುತ್ತಿದ್ದದ್ದು ಒಂದೇ ಬಾಗಿಲಿಗೆ. ಅಲ್ಲಿ ಐವತ್ತು ದಾಟಿದ, ಉದ್ದ ಕೈಯ ಮನುಷ್ಯನೊಬ್ಬ ಎಣ್ಣೆ ಬಟ್ಟೆಯೊಳಗಿಂದ ಉಕ್ಕಿನ ವರ್ನಿಯರ್ ಕ್ಯಾಲಿಪರ್ ತೆಗೆದು, ತಂದ ತುಂಡನ್ನು ಅದರ ಬಾಯಿಗೆ ಕೊಟ್ಟು, ಬೆಳಕಿಗೆ ಹಿಡಿದು, ಒಂದು ಕಣ್ಣು ಕಿರಿದು ಮಾಡಿ ಅಳತೆ ಹೇಳುತ್ತಿದ್ದ. ಅವನು ಹೇಳಿದ ಮೇಲೆ ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಹಾಗಾಗಿ ಅವನಿಗೆ ವರ್ನಿಯರ್ ಅಣ್ಣ ಎಂದು ಹೆಸರು ಬಿತ್ತು. ಹೆತ್ತವರಿಟ್ಟ ಹೆಸರು ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದಿತ್ತು.

ವರ್ಕ್‌ಶಾಪ್ ಎಂದರೆ ಮನೆಯ ಮುಂದಿನ ಕೋಣೆ. ಮಧ್ಯದಲ್ಲಿ ಲೇತು, ಕಿಟಕಿಯ ಕೆಳಗೆ ಅಳತೆಯ ಮೇಜು, ಹಿಂದಿನ ಬಾಗಿಲು ತೆರೆದರೆ ಅಡುಗೆಮನೆ. ಮದುವೆಯಾದ ಐದಾರು ವರ್ಷಕ್ಕೆ ಹೆಂಡತಿಗೂ ಅವನೇ ಅಳತೆ ಕಲಿಸಿದ. ಪುಸ್ತಕದ ಹೆಸರುಗಳು ಅವನಿಗೆ ಬರುತ್ತಿರಲಿಲ್ಲ, ಬರುವ ಅಗತ್ಯವೂ ಇರಲಿಲ್ಲ. ಹೊರಗಿನಿಂದ ಕಚ್ಚುವ ದೊಡ್ಡವು ದವಡೆ, ತೂತಿನೊಳಗೆ ಇಳಿಸುವ ಮೇಲಿನ ಪುಟ್ಟವು ಕೊಂಬು, ಆಳ ನೋಡಲು ಹಿಂದಿನಿಂದ ಹೊರಬರುವ ಕಡ್ಡಿ ಬಾಲ. "ಮೊದಲು ದೊಡ್ಡ ಪಟ್ಟಿ ನೋಡು, ಅದು ಮಿಲ್ಲಿಮೀಟರು. ಆಮೇಲೆ ಜಾರೋ ಪಟ್ಟೀಲಿ ಯಾವ ಗೆರೆ ಮೇಲಿನ ಗೆರೆಗೆ ನೆಟ್ಟಗೆ ಕೂತಿದೆ ಹುಡುಕು. ಒಂದೊಂದು ಗೆರೆಗೆ ನೂರರಲ್ಲಿ ಎರಡು ಪಾಲು," ಎಂದು ಹೇಳಿಕೊಟ್ಟ. ಮೂರನೆಯ ದಿನ ಅವಳು ತಪ್ಪಿಲ್ಲದೆ ಓದಿದಳು. ಅಣ್ಣ ಬೀದಿಗೆಲ್ಲ ಹೇಳಿಕೊಂಡು ಬಂದ. ಶಿಷ್ಯೆ ತನಗಿಂತ ಒಂದು ಮೆಟ್ಟಿಲು ಕೆಳಗಿರುವ ತನಕ ಹೆಮ್ಮೆ ಪಡುವುದು ಸುಲಭದ ಕೆಲಸ.

ತೊಂದರೆ ಶುರುವಾದದ್ದು ಪಂಪ್ ಕಂಪನಿಯ ಆರ್ಡರ್ ಸಿಕ್ಕಾಗ. ವಾರಕ್ಕೆ ನಲವತ್ತು ಪಿನ್ನು, ಅಂದರೆ ಉಕ್ಕಿನ ಗುಂಡು ಕಡ್ಡಿ, ಇಪ್ಪತ್ತು ಮಿಲ್ಲಿಮೀಟರ್ ದಪ್ಪ, ಕಮ್ಮಿಯಾದರೆ ನೂರರಲ್ಲಿ ಎರಡು ಪಾಲು ಆಗಬಹುದು, ಅದಕ್ಕಿಂತ ಆಗಕೂಡದು. ಒಂದು ಪಿನ್ನು ತಪ್ಪಿದರೂ ಪೆಟ್ಟಿಗೆ ವಾಪಸ್, ಆರ್ಡರ್ ಬೇರೆಯವರಿಗೆ. ಕಂಪನಿಯವನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಳತೆಯನ್ನು ಅಂಕಿಯಲ್ಲೇ ತೋರಿಸುವ ಒಂದು ಡಿಜಿಟಲ್ ಕ್ಯಾಲಿಪರ್ ತಂದ. ತಂದವನು ಅಣ್ಣನ ಕೈಗೆ ಕೊಡಬೇಕಿತ್ತು. ಮೇಜಿನ ಹತ್ತಿರ ಹೆಂಡತಿ ಕೂತಿದ್ದಳು, ಅವಳ ಕೈಗೆ ಕೊಟ್ಟುಬಿಟ್ಟ.

"ಮೇಡಂ, ಇನ್ಮೇಲೆ ಚೆಕ್ ಮಾಡಿ ಸಹಿ ನೀವೇ ಹಾಕ್ಬೇಕು," ಎಂದ.

ಇಪ್ಪತ್ತೈದು ವರ್ಷ ಅಳತೆ ಹೇಳಿದವನು ಕೈ ಒರೆಸಿಕೊಳ್ಳುತ್ತ ನಿಂತೇ ಇದ್ದ. ಒರೆಸಲು ಕೈಯಲ್ಲಿ ಏನೂ ಉಳಿದಿರಲಿಲ್ಲ.

ಅಂದಿನಿಂದ ಅವನಿಗೆ ಆ ಡಿಜಿಟಲ್ ಕಂಡರೆ ಆಗುತ್ತಿರಲಿಲ್ಲ. ಅದಕ್ಕೆ 'ಗಡಿಯಾರ' ಎಂದು ಹೆಸರಿಟ್ಟ. "ನಿನ್ನ ಗಡಿಯಾರದಲ್ಲಿ ಟೈಮ್ ಎಷ್ಟಾಯ್ತು?" ಎಂದು ದಿನಕ್ಕೆ ಹತ್ತು ಸಲ ಕೆಣಕುತ್ತಿದ್ದ. ಒಮ್ಮೆ ಸಿಟ್ಟು ಏರಿ, "ಮನೆಗೆ ಸವತಿ ಬಂದ ಹಾಗಾಯ್ತು," ಎಂದೂ ಗೊಣಗಿದ.

"ಸವತಿ ಬಂದ್ರೆ ಹೊಟ್ಟೆ ಉರೀಬೇಕಾದ್ದು ನನಗಲ್ವೇನ್ರೀ," ಎಂದಳು ಹೆಂಡತಿ, ತಲೆಯೆತ್ತದೆ.

ಬೀದಿಯವರಾದರೂ ಅವನ ಕಡೆ ನಿಲ್ಲಬೇಡವೇ? ಅವರು ಇನ್ನೂ ಒಂದು ಕೈ ಮೇಲು. ಎದುರು ಶೆಡ್ಡಿನ ವೆಲ್ಡರು ಬಳೆಯಂಥ ಒಂದು ಉಕ್ಕಿನ ಬುಷ್ ಹಿಡಿದು ಬಂದು ಹೊಸ್ತಿಲಲ್ಲೇ ಕೇಳಿದ: "ಅಕ್ಕ ಇಲ್ವಾ?"

"ಒಳಗಿದಾಳೆ. ಕೊಡು, ನಾನು ನೋಡ್ತೀನಿ."

"ಇರ್ಲಿ ಬಿಡಣ್ಣ. ಅಕ್ಕ ಬರ್ಲಿ, ನನಗೇನೂ ಅರ್ಜೆಂಟಿಲ್ಲ."

ಮುಖಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅಂದು ಅಣ್ಣ ಸರಿಯಾಗಿ ಊಟ ಮಾಡಲಿಲ್ಲ. ಅವಳಿಗೆ ಬಂದ ಮರ್ಯಾದೆ ತನ್ನ ತಟ್ಟೆಯಿಂದ ತೆಗೆದದ್ದು ಎಂದೇ ಅವನಿಗೆ ಅನ್ನಿಸಿತು. ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡು ಎಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಪಟ್ಟ, ಹೊಟ್ಟೆ ತುಂಬ ಪಟ್ಟ. ಅವಳು ಡಿಜಿಟಲ್‌ನ ದವಡೆ ಮುಚ್ಚಿ, ಸೊನ್ನೆ ಗುಂಡಿ ಒತ್ತಿ, ಪಿನ್ನು ಕಚ್ಚಿಸಿ, ಅಂಕಿ ನೋಡಿ ಪಕ್ಕಕ್ಕಿಡುವಷ್ಟರಲ್ಲಿ ಅವನಿನ್ನೂ ಕನ್ನಡಕ ಹುಡುಕುತ್ತಿರುತ್ತಿದ್ದ. ಅವಳ ಕೈಯ ಆ ಸಲೀಸು ಅವನ ಕಣ್ಣು ಚುಚ್ಚುತ್ತಿತ್ತು.

ಕೊನೆಗೆ ಅವನೊಂದು ಉಪಾಯ ಹೂಡಿದ. ಆ ವಾರದ ಪಿನ್ನುಗಳನ್ನು ತಿರುವುವಾಗ ಒಂದನ್ನು ಬೇಕೆಂದೇ ಹೆಚ್ಚು ಸವೆಸಿದ. ಇಪ್ಪತ್ತಕ್ಕೆ ನೂರರಲ್ಲಿ ಐದು ಪಾಲು ಕಮ್ಮಿ. ಗುರುತು ಹಾಕಿದರೆ ಅವಳ ಕಣ್ಣಿಗೆ ಬೀಳುತ್ತದೆಂದು ಗುರುತು ಹಾಕಲಿಲ್ಲ, ಉಳಿದವುಗಳ ಜೊತೆ ಬೆರೆಸಿ ತಟ್ಟೆಯಲ್ಲಿಟ್ಟ. ಅವಳು ಹಿಡಿದು ತೋರಿಸಿದರೆ ಸುಮ್ಮನೆ ನಕ್ಕುಬಿಡುವುದು. ಹಿಡಿಯದಿದ್ದರೆ ನಾಲ್ಕು ಗಂಟೆಗೆ ಕಂಪನಿಯವನು ಬಂದಾಗ ಅವನ ಎದುರಿಗೇ ವರ್ನಿಯರ್ ಹಿಡಿದು, ಆ ಒಂದನ್ನು ಹೆಕ್ಕಿ ಮೇಜಿನ ಮೇಲಿಡುವುದು. ಆಮೇಲೆ ಸಹಿ ಯಾರು ಹಾಕಬೇಕೆಂದು ಯಾರೂ ಕೇಳಬೇಕಾಗಿಲ್ಲ.

ಬೆಳಿಗ್ಗೆ ಹತ್ತಕ್ಕೆ ಅವಳು ಚೆಕ್ ಮಾಡಿ ಮುಗಿಸಿದಳು. ಏನೂ ಹೇಳಲಿಲ್ಲ. ನಲವತ್ತು ಪಿನ್ನು ಪೆಟ್ಟಿಗೆಗಿಟ್ಟು, ಚೀಟಿಗೆ ಸಹಿ ಹಾಕಿ, ಕೈ ತೊಳೆಯಲು ಹೋದಳು. ಅಣ್ಣನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ನಾಲ್ಕಕ್ಕೆ ಕಂಪನಿಯವನು ಬಂದ. ಅಣ್ಣ ಕುರ್ಚಿ ಎಳೆದು ಕೂತ. "ಒಂದ್ಸಲ ನಾನೂ ನೋಡಿಬಿಡ್ತೀನಿ. ಗಡಿಯಾರ ಏನಾದ್ರೂ ಹೇಳ್ಲಿ," ಎಂದ. ಹೆಂಡತಿ ಅವನ ಮುಖವನ್ನೊಮ್ಮೆ ನೋಡಿ ಚಹಾ ಮಾಡಲು ಒಳಗೆ ಹೋದಳು.

ಒಂದೊಂದೇ ಪಿನ್ನು ಹಿಡಿದ. ಇಪ್ಪತ್ತು. ಇಪ್ಪತ್ತು. ಇದು ಕೊಂಚ ಕಮ್ಮಿ, ಆದರೂ ನಡೆಯುತ್ತದೆ. ನಲವತ್ತು ಮುಗಿದರೂ ಆ ಒಂದು ಸಿಗಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದ. ಈ ಸಲ ಜಾರುವ ಪಟ್ಟಿಯಲ್ಲಿ ಒಂದು ಗೆರೆಯ ಬದಲು ಎರಡು ಗೆರೆ ನೆಟ್ಟಗೆ ಕೂತಂತೆ ಕಂಡವು. ಬೆಳಕಿಗೆ ತಿರುಗಿಸಿದರೆ ಮೂರು. ಸವೆದ ಪಿನ್ನು ಇದರಲ್ಲೇ ಇದೆ, ತನ್ನ ಕೈಯಿಂದಲೇ ದಾಟಿ ಹೋಗಿದೆ, ತನಗೆ ಕಾಣಿಸುತ್ತಿಲ್ಲ.

"ಮೇಡಂ ಸಹಿ ಆಗಿದೆಯಲ್ಲ ಅಣ್ಣಾ, ಸಾಕು ಬಿಡಿ," ಎಂದು ಕಂಪನಿಯವನು ಪೆಟ್ಟಿಗೆ ಎತ್ತಿದ. ತಡೆದರೆ ಕಾರಣ ಹೇಳಬೇಕು. ಅಣ್ಣ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಹೊರಗೆ ವ್ಯಾನು ಶುರುವಾದ ಸದ್ದು ಕೇಳಿಸಿದಾಗ ಅವನಿಗೆ ಪೆಟ್ಟಿಗೆ ಕಾಣಿಸಲಿಲ್ಲ, ಚೀಟಿಯ ಮೇಲಿನ ಅವಳ ಸಹಿಯೇ ಕಾಣಿಸಿತು. ನಾಳೆ ಕಂಪನಿಯವರು ಬೆರಳಿಟ್ಟು ತೋರಿಸುವುದು ಅದನ್ನೇ. ಅಡುಗೆಮನೆಗೆ ಓಡಿದ.

"ಲೇ, ಫೋನ್ ಮಾಡು, ವ್ಯಾನ್ ನಿಲ್ಲಿಸು. ಅದರಲ್ಲೊಂದು ಕೆಟ್ಟಿದೆ. ನಾನೇ ಬೇಕಂತ ಕೆಡಿಸಿ ಸೇರಿಸಿದೆ. ನಿನ್ನ ಸಿಕ್ಕಿಸಿ ಹಾಕೋಣ ಅಂತ."

ಅವಳು ಚಹಾ ಸೋಸುತ್ತಿದ್ದಳು. ಸೋಸಿ ಮುಗಿಸಿ ಪಾತ್ರೆ ಕೆಳಗಿಟ್ಟಳು.

"ಅದು ಪೆಟ್ಟಿಗೇಲಿಲ್ಲ. ಬೆಳಿಗ್ಗೇನೇ ಸಿಕ್ತು. ಯಾವಾಗಲೂ ಮಾಡೋ ಹಾಗೆ ತೆಗೆದು, ಹೆಚ್ಚಿಗೆ ಮಾಡಿಟ್ಟಿರ್ತೀರಲ್ಲ, ಅದರಲ್ಲೊಂದು ಹಾಕಿದೆ."

"ಯಾವಾಗಲೂ ಮಾಡೋ ಹಾಗೆ ಅಂದ್ರೆ?"

ಅವಳು ಕಪಾಟಿನ ಮೇಲಿನಿಂದ ಒಂದು ಬಿಸ್ಕತ್ತಿನ ಡಬ್ಬ ಇಳಿಸಿ, ಅದರಲ್ಲಿದ್ದ ಪಿನ್ನುಗಳನ್ನು ಬಟ್ಟೆಯ ಮೇಲೆ ಸುರಿದಳು. ಇವತ್ತಿನದೂ ಸೇರಿ ಹದಿನಾರು ಇದ್ದವು. ಆರ್ಡರ್ ಬಂದ ಈ ಐದು ತಿಂಗಳಲ್ಲಿ ಅವನ ಕೈಯಲ್ಲಿ ಕೆಟ್ಟವು.

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮಾರನೇ ದಿನ ಲೇತಿನ ಮುಂದೆ ನಿಲ್ತಿದ್ರಾ ನೀವು?"

ಅವನು ಒಂದು ಪಿನ್ನನ್ನು ಬೆರಳಿನಿಂದ ಉರುಳಿಸಿದ. ಅವಳೇ ಮುಂದುವರಿಸಿದಳು. ಧ್ವನಿ ಈಗ ಗಟ್ಟಿಯಾಗಿತ್ತು, ಅವಳಿಗೂ ನೋವಾಗಿತ್ತು. "ನಾನು ಇಷ್ಟು ದಿನ ನಿಮ್ಮ ಕಣ್ಣು ಮಂಜಾಗಿದೆ ಅಂದ್ಕೊಂಡು ಮುಚ್ಚಿಟ್ಟೆ. ಬೇಕಂತ ಕೆಡಿಸಿದ್ದನ್ನ ನಾನು ಇಟ್ಕೊಳ್ಳೋಲ್ಲ. ಅದು ಯಾವುದೋ ನೀವೇ ಹುಡುಕಿ ತೆಗೆದು ಆಚೆ ಹಾಕಿ."

ಅಣ್ಣ ಮುಂದಿನ ಕೋಣೆಗೆ ಹೋಗಿ ಡಿಜಿಟಲ್ ತಂದು ಅವಳ ಕೈಗೆ ಕೊಟ್ಟ. ಅವಳು ಒಂದೊಂದೇ ಪಿನ್ನು ಕಚ್ಚಿಸಿ ಅಂಕಿ ಓದುತ್ತ ಹೋದಳು, ಅವನು ಸಾಲಾಗಿ ಜೋಡಿಸುತ್ತ ಹೋದ. ನೂರರಲ್ಲಿ ನಾಲ್ಕು ಕಮ್ಮಿ. ಐದು ಕಮ್ಮಿ. ಆರು. ಮತ್ತೆ ಐದು. ಕೊನೆಗೆ ಐದು ಕಮ್ಮಿಯವು ಏಳು ನಿಂತವು. ಒಂದೇ ದಪ್ಪ, ಒಂದೇ ಹೊಳಪು, ಒಂದೇ ಕೈಯ ಕೆಲಸ. ಅವನು ಒಂದನ್ನು ಎತ್ತಿದ, ಇಟ್ಟ. ಇನ್ನೊಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ, ಅದನ್ನೂ ಇಟ್ಟ.

"ಯಾವ್ದು?" ಎಂದಳು ಅವಳು.

"ಗೊತ್ತಾಗ್ತಿಲ್ಲ ಕಣೇ," ಎಂದ ವರ್ನಿಯರ್ ಅಣ್ಣ. "ಎಲ್ಲಾ ನಂದೇ."