ವಾಲ್ವಿನ ಬುಡದ ಗುಳ್ಳೆ

ಎಂಬತ್ತರ ದಶಕದಲ್ಲಿ ಗುಬ್ಬಿಯಲ್ಲಿ ನನ್ನದೊಂದು ಪಂಚರ್ ಅಂಗಡಿಯಿತ್ತು. ದನದ ಡಾಕ್ಟರೊಬ್ಬರ ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರ, ಸಂಜೆ ಗಾಳಿ ತುಂಬಿದರೆ ಬೆಳಗ್ಗೆ ಮೆತ್ತಗಾಗಿರುತ್ತಿತ್ತು. ಎರಡು ಸಲ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ನೋಡಿ, "ಏನೂ ಇಲ್ಲ ಸಾರ್" ಎಂದು ಕಳಿಸಿದ್ದೆ.

ಮೂರನೇ ಸಲ ಅವರು ಗಾಡಿ ತಳ್ಳಿಕೊಂಡೇ ಬಂದರು. ಮುಖ ಬಾಡಿತ್ತು.

"ನಿಟ್ಟೂರಲ್ಲಿ ಒಂದು ಹಸು ಕರು ಹಾಕಕ್ಕಾಗ್ದೆ ಸತ್ತೋಯ್ತು ಕಣಯ್ಯ. ನಾನು ದಾರೀಲಿ ಗಾಳಿ ಹೊಡೀತಾ ನಿಂತಿದ್ದೆ. ಇವತ್ತು ತೂತು ಸಿಗೋವರ್ಗೂ ನಾನಿಲ್ಲಿಂದ ಏಳಲ್ಲ."

ಮತ್ತೆ ಟ್ಯೂಬು ಬಿಚ್ಚಿ ಮುಳುಗಿಸಿದೆ. ಒಂದು ಗುಳ್ಳೆಯೂ ಇಲ್ಲ.

"ತಾ ಇಲ್ಲಿ" ಎಂದು ಅವರೇ ಅಂಗಿಯ ತೋಳು ಮೇಲೇರಿಸಿ ನೀರಿಗೆ ಕೈಹಾಕಿದರು. ಹೊಟ್ಟೆಯೊಳಗಿನ ಕರುವನ್ನು ತಡಕುವ ಹಾಗೆ ಗೇಣುಗೇಣೂ ಅಮುಕುತ್ತ ಬಂದರು. ವಾಲ್ವನ್ನು ಪಕ್ಕಕ್ಕೆ ಬಗ್ಗಿಸಿದರು ನೋಡಿ, ಅದರ ಬುಡದಿಂದ ಸಾಸಿವೆಯಂಥ ಗುಳ್ಳೆಗಳೆದ್ದವು. ನೆಟ್ಟಗೆ ಬಿಟ್ಟರೆ ನಿಂತವು.

"ಚಕ್ರದೊಳ್ಗೆ ವಾರೆಯಾಗಿ ಕೂತಿರ್ತದೆ, ಅದ್ಕೇ ಬಿಡ್ತದೆ" ಎಂದರು.

ಹೊಸ ಟ್ಯೂಬು ಹಾಕಿದೆ. ಆ ಗಾಡಿ ಮತ್ತೆ ದಾರಿಯಲ್ಲಿ ನಿಲ್ಲಲಿಲ್ಲ.

ಅಂದಿನಿಂದ ಯಾವ ಟ್ಯೂಬು ಬಂದರೂ ಮೊದಲು ವಾಲ್ವು ಬಗ್ಗಿಸಿ ನೋಡುತ್ತಿದ್ದೆ. ಎಲ್ಲಿ ಕಲಿತೆ ಎಂದು ಗಿರಾಕಿಗಳು ಕೇಳಿದರೆ, "ಒಬ್ಬರು ಡಾಕ್ಟರ ಹತ್ತಿರ" ಎನ್ನುತ್ತಿದ್ದೆ. ಎಂಥ ಡಾಕ್ಟರು ಎಂದು ಮಾತ್ರ ಬಿಡಿಸಿ ಹೇಳುತ್ತಿರಲಿಲ್ಲ.